ಬಿಸಿಲಿನ ಊರಿಗೆ ನೆರೆ ಹೇಗೆ ಬಂತು? ಮಕ್ಕಳ ಪುಸ್ತಕದಲ್ಲಿ ಅದನ್ನು ಹೇಳುವ ಬಗೆ

ಕೃಷ್ಣೆಯ ದಂಡೆಯ ಶಾಲೆಗಳಲ್ಲಿ ನೆರೆಯ ಮಾತು ತೆಗೆದರೆ ಮಕ್ಕಳಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ನಮ್ಮೂರಿನಲ್ಲಿ ಮಳೆಯೇ ಇರಲಿಲ್ಲ, ಇಷ್ಟು ನೀರು ಎಲ್ಲಿಂದ ಬಂತು?’ ಚಿಕ್ಕೋಡಿ, ರಾಯಬಾಗ, ಅಥಣಿಯಿಂದ ಹಿಡಿದು ಜಮಖಂಡಿ, ಬೀಳಗಿಯವರೆಗೆ ಹೊಳೆಸಾಲಿನ ಯಾವ ಊರಿನ ಮಗುವಾದರೂ ಕೇಳಬಹುದಾದ ಪ್ರಶ್ನೆ. ಏಳೆಂಟು ವರ್ಷದ ಮಗು ಕಣ್ಣಾರೆ ಕಂಡು ಕೇಳಿದ ಪ್ರಶ್ನೆಗೆ ಉತ್ತರ ಕೊಡದ ಪುಸ್ತಕವನ್ನು ‘ಸರಳ’ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ವಾಕ್ಯ ಚಿಕ್ಕದಿರಲಿ, ಅಕ್ಷರ ದಪ್ಪಗಿರಲಿ, ಚಿತ್ರ ತುಂಬಿರಲಿ. ಕಾರಣವನ್ನು ಮಾತ್ರ ಕತ್ತರಿಸಬಾರದು.

ಪುಟಾಣಿಗಳಿಗಾಗಿ ಬರೆಯುವ ನೆರೆಯ ಕಥೆಗಳು ಹೆಚ್ಚಾಗಿ ಒಂದೇ ದಾರಿ ಹಿಡಿಯುತ್ತವೆ. ಕಪ್ಪು ಮೋಡ ಕವಿಯುತ್ತದೆ, ಜೋರು ಮಳೆ ಸುರಿಯುತ್ತದೆ, ಹೊಳೆ ಉಕ್ಕುತ್ತದೆ, ದೋಣಿ ಬರುತ್ತದೆ, ಎಲ್ಲರೂ ಬದುಕುತ್ತಾರೆ, ಬಿಸಿಲು ಬೀಳುತ್ತದೆ. ಬೇರೆ ಸೀಮೆಗೆ ಅದು ಹೊಂದೀತು. ಕೃಷ್ಣಾ ತೀರದ ಮಗುವಿಗೆ ಆ ಕಥೆ ತನ್ನ ಅನುಭವವೇ ತಪ್ಪು ಎಂದು ಹೇಳಿದಂತಾಗುತ್ತದೆ. ಇಲ್ಲಿ ಬಿತ್ತನೆಗೆ ಮಳೆ ಸಾಲದೆ ರೈತರು ಆಕಾಶ ನೋಡುತ್ತಿರುವಾಗಲೂ ಹೊಳೆ ದಂಡೆ ಮೀರಿ ಬಂದದ್ದುಂಟು. ಕಾರಣ ತಿಳಿಯದ ಮಗು ತನ್ನದೇ ಕಾರಣ ಕಟ್ಟಿಕೊಳ್ಳುತ್ತದೆ: ಹೊಳೆಗೆ ಸಿಟ್ಟು ಬಂದಿದೆ, ಗಂಗವ್ವ ಮುನಿದಿದ್ದಾಳೆ, ನಾವೇನೋ ತಪ್ಪು ಮಾಡಿದ್ದೇವೆ. ಹೀಗೆ ಹುಟ್ಟಿದ ಭಯ ನೀರು ಇಳಿದ ಮೇಲೂ ಇಳಿಯುವುದಿಲ್ಲ.

ಕಾರಣವೇನೋ ಮಕ್ಕಳಿಗೆ ಹೇಳಲಾಗದಷ್ಟು ಕಠಿಣವಲ್ಲ. ಕೃಷ್ಣೆ ಹುಟ್ಟುವುದು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮಹಾಬಳೇಶ್ವರದಲ್ಲಿ. ಅರಬ್ಬಿ ಸಮುದ್ರದ ಕಡೆಯಿಂದ ಬರುವ ಮುಂಗಾರು ಮೋಡಗಳು ಸಹ್ಯಾದ್ರಿಯ ಗೋಡೆಗೆ ಬಂದು ತಡೆಯುತ್ತವೆ. ಮುಂದೆ ಹೋಗಲು ಮೇಲೇರಬೇಕು, ಮೇಲೇರಿದರೆ ತಣ್ಣಗಾಗುತ್ತವೆ, ತಣ್ಣಗಾದರೆ ಅಲ್ಲೇ ಸುರಿಯುತ್ತವೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಸರಾಸರಿ 5,000 ಮಿ.ಮೀ.ಗಿಂತ ಹೆಚ್ಚು ಮಳೆಯಾಗುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಬರುವಷ್ಟರಲ್ಲಿ ಮೋಡ ಬರಿದಾಗಿರುತ್ತದೆ. ವಿಜಯಪುರ, ಬಾಗಲಕೋಟೆಗಳಿಗೆ ವರ್ಷವಿಡೀ ಸಿಗುವುದು ಸುಮಾರು 600 ಮಿ.ಮೀ. ಮೋಡಕ್ಕೆ ದಾಟಲಾಗದ ದೂರವನ್ನು ನೀರು ದಾಟುತ್ತದೆ, ಏಕೆಂದರೆ ಘಟ್ಟದ ಈಚೆಯ ನೆಲವೆಲ್ಲ ಪೂರ್ವಕ್ಕೆ ಇಳಿಜಾರು. ಬರುವಾಗ ಕೃಷ್ಣೆ ಒಬ್ಬಳೇ ಬರುವುದಿಲ್ಲ. ಕರಾಡದಲ್ಲಿ ಕೊಯ್ನಾ ಕೂಡುತ್ತದೆ, ಸಾಂಗ್ಲಿಯ ಬಳಿ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ. ವೇದಗಂಗೆಯನ್ನು ಸೇರಿಸಿಕೊಂಡ ದೂಧಗಂಗಾ ಚಿಕ್ಕೋಡಿ ಸೀಮೆಯಲ್ಲಿ ಬಂದು ಕೂಡುತ್ತದೆ. ಎಲ್ಲವೂ ಅದೇ ಘಟ್ಟದ ಮಕ್ಕಳು. ಅಲ್ಲಿ ಸತತ ಮಳೆ ಹಿಡಿದರೆ ಎಲ್ಲವೂ ಏಕಕಾಲಕ್ಕೆ ತುಂಬುತ್ತವೆ.

ಮತ್ತೆ, ಈ ನೀರು ಒಂದೇ ಗಳಿಗೆಯಲ್ಲಿ ಬಂದು ಬೀಳುವುದಿಲ್ಲ. ಘಟ್ಟದಲ್ಲಿ ಬಿದ್ದ ಮಳೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಮುಟ್ಟಲು ದಿನಗಳೇ ಹಿಡಿಯುತ್ತವೆ. ಮಕ್ಕಳ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಸುದ್ದಿ ಇಲ್ಲ. ಭೂಕಂಪ ಹೇಳಿ ಬರುವುದಿಲ್ಲ. 1967ರ ಡಿಸೆಂಬರ್ 11ರ ಬೆಳಗಿನ ಜಾವ ಕೊಯ್ನಾನಗರ ನಡುಗಿದಾಗ ಮಲಗಿದ್ದವರಿಗೆ ಏಳುವ ಸಮಯವೂ ಸಿಗಲಿಲ್ಲ. ಕೃಷ್ಣೆಯ ನೆರೆ ಹೇಳಿ ಬರುತ್ತದೆ. ಕೊಯ್ನಾ ಅಣೆಕಟ್ಟಿನಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಬರುತ್ತಿದೆ, ಕಲ್ಲೋಳ–ಯಡೂರ ಸೇತುವೆ ಮುಳುಗಿತೇ ಎಂಬ ಸುದ್ದಿಯನ್ನು ಹೊಳೆಸಾಲಿನ ದೊಡ್ಡವರು ದಿನವೂ ಕಿವಿಗೊಟ್ಟು ಕೇಳುವುದು ಇದಕ್ಕಾಗಿಯೇ. ಅಜ್ಜ ರೇಡಿಯೋಗೆ, ಕಾಕಾ ಮೊಬೈಲಿಗೆ ಏಕೆ ಅಂಟಿಕೊಂಡಿದ್ದಾರೆ ಎಂದು ಮಗುವಿಗೆ ಗೊತ್ತಾದರೆ, ಅವರ ಮುಖದ ಆತಂಕ ಮಗುವಿಗೆ ಒಗಟಾಗಿ ಉಳಿಯುವುದಿಲ್ಲ.

ಇಲ್ಲಿ ಪುಸ್ತಕದ ವಿನ್ಯಾಸಕ್ಕೆ ಒಂದು ಅದೃಷ್ಟದ ಕೂಡಿಕೆ ಇದೆ. ನಕಾಶೆಯಲ್ಲಿ ಪಶ್ಚಿಮ ಎಡಕ್ಕೆ, ಪೂರ್ವ ಬಲಕ್ಕೆ. ಕೃಷ್ಣೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತಾಳೆ, ಕನ್ನಡವನ್ನೂ ನಾವು ಎಡದಿಂದ ಬಲಕ್ಕೆ ಓದುತ್ತೇವೆ. ಆದ್ದರಿಂದ ಒಂದೇ ಹೊಳೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕಡಿಯದೆ ಬರೆಯಬಹುದು. ಮೊದಲ ಪುಟದ ಎಡತುದಿಯಲ್ಲಿ ಘಟ್ಟ, ಮಂಜು, ಸುರಿಯುವ ಮಳೆ. ಪುಟ ತಿರುವಿದರೆ ಕರಾಡ, ಇನ್ನೊಂದು ಪಂಚಗಂಗಾ. ಮುಂದಿನ ಪುಟದಲ್ಲಿ ಆಕಾಶ ತಿಳಿಯಾಗಿದೆ, ದಂಡೆಯಲ್ಲಿ ಕಬ್ಬು ನಿಂತಿದೆ, ಹುಡುಗಿಯೊಬ್ಬಳು ಕುರಿ ಮೇಯಿಸುತ್ತಿದ್ದಾಳೆ, ಆದರೆ ಹೊಳೆಯ ಬಣ್ಣ ಕೆಂಪಾಗಿದೆ. ಪ್ರತಿ ಪುಟ ತಿರುವಿದಾಗಲೂ ನೀರು ಒಂದು ಊರು ಮುಂದೆ ಬರುತ್ತದೆ, ತಿರುವುವ ಕೈ ಮಗುವಿನದು. ನೆರೆ ಬರುವುದಕ್ಕೆ ಮುಂಚೆ ಎಷ್ಟು ಸಮಯ ಇರುತ್ತದೆ ಎಂಬುದನ್ನು ಹೀಗೆ ಒಂದೂ ಅಂಕಿ ಇಲ್ಲದೆ ತೋರಿಸಬಹುದು. ಕಲಾವಿದರು ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿಯಬೇಕು: ನೆರೆಯ ನೀರನ್ನು ನೀಲಿ ಬಳಿಯಬಾರದು. ಅದು ಮಣ್ಣಿನ ಬಣ್ಣ, ಅದರಲ್ಲಿ ಕಸಕಡ್ಡಿ, ಕಣಕಿ, ಬೇರು ಸಮೇತ ಗಿಡ ತೇಲುತ್ತಿರುತ್ತವೆ. ಮಗು ಕಂಡದ್ದು ಅದನ್ನೇ.

ಅಂಕಿಗಳ ಮಾತು ಬಂದಾಗ ಹೆಚ್ಚಿನ ಮಕ್ಕಳ ಪುಸ್ತಕಗಳು ಹಿಂದೆ ಸರಿಯುತ್ತವೆ. ಆದರೆ ‘ಕ್ಯೂಸೆಕ್’ ಎಂಬ ಪದವನ್ನು ಇಲ್ಲಿನ ಮಕ್ಕಳು ಮಳೆಗಾಲದಲ್ಲಿ ದಿನಬೆಳಗಾದರೆ ಕೇಳುತ್ತಾರೆ. ಕೇಳಿದ ಪದದ ಅರ್ಥ ತಿಳಿಸಿಕೊಡುವುದು ಪುಸ್ತಕದ ಕೆಲಸ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ 28 ಲೀಟರಿಗಿಂತ ತುಸು ಹೆಚ್ಚು. ಮನೆಯಲ್ಲಿ ನೀರು ತುಂಬುವ ಕೊಡ ಹದಿನಾಲ್ಕು ಹದಿನೈದು ಲೀಟರ್ ಹಿಡಿಯುತ್ತದೆ. ಅಲ್ಲಿಗೆ ಒಂದು ಕ್ಯೂಸೆಕ್ ಎಂದರೆ, ‘ಒಂದು’ ಎನ್ನುವಷ್ಟರಲ್ಲಿ ಎರಡು ಕೊಡ ನೀರು ಹರಿದುಹೋದಂತೆ. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ ಹೊರಬಿಟ್ಟ ನೀರು 5 ಲಕ್ಷ ಕ್ಯೂಸೆಕ್ ದಾಟಿತ್ತು. ಸೆಕೆಂಡಿಗೆ ಹತ್ತು ಲಕ್ಷ ಕೊಡ! ಮೂರನೆಯ ತರಗತಿಯ ಮಗುವಿಗೆ ಹತ್ತು ಲಕ್ಷ ಎಷ್ಟೆಂದು ಹೊಳೆಯದೆ ಇರಬಹುದು, ಚಿಂತೆಯಿಲ್ಲ. ಎರಡು ಕೊಡ ಎಷ್ಟೆಂದು ಅದರ ತೋಳಿಗೆ ಗೊತ್ತು.

ಅಲ್ಲಿಂದ ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತದೆ: ಅಷ್ಟು ದೊಡ್ಡ ಅಣೆಕಟ್ಟು ಇದೆಯಲ್ಲ, ನೀರನ್ನು ಹಿಡಿದಿಡಬಾರದಿತ್ತೇ? ದೊಡ್ಡವರೂ ಕೇಳುವ ಪ್ರಶ್ನೆ ಇದು. ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಜಲಾಶಯ 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಹಿಡಿಯುವುದು ಸುಮಾರು 123 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ 8.64 ಟಿಎಂಸಿ ಆಗುತ್ತದೆ. 5 ಲಕ್ಷ ಕ್ಯೂಸೆಕ್ ಬಂದರೆ ದಿನಕ್ಕೆ 43 ಟಿಎಂಸಿ. ತಳ ಕಾಣುವಷ್ಟು ಬರಿದಾದ ಜಲಾಶಯವೂ ಮೂರು ದಿನ ತುಂಬುವುದರೊಳಗೆ ತುಳುಕುತ್ತದೆ. ಆಗಸ್ಟ್ ಹೊತ್ತಿಗೆ ಅದು ಬರಿದಾಗಿಯೂ ಇರುವುದಿಲ್ಲ, ಬೇಸಿಗೆಗೆ ಬೇಕೆಂದು ತುಂಬಿಸುತ್ತಿರುತ್ತಾರೆ. ಮಳೆ ಬರುವ ಮೊದಲೇ ಜಾಗ ಮಾಡಿಟ್ಟುಕೊಂಡರೆ ನೆರೆಯ ತುದಿಯನ್ನು ಒಂದಿಷ್ಟು ತಗ್ಗಿಸಬಹುದು. ಆದರೆ ಹೆಚ್ಚು ಖಾಲಿ ಮಾಡಿ ಮಳೆ ಕೈಕೊಟ್ಟರೆ ಕಾಲುವೆಗೆ ನೀರಿಲ್ಲ. ಗೇಟು ತೆರೆಯುವವರ ಮುಂದೆ ಪ್ರತಿ ವರ್ಷವೂ ಈ ಇಕ್ಕಟ್ಟು ಇರುತ್ತದೆ. ಅದನ್ನು ಮಕ್ಕಳಿಗೆ ಇದ್ದಂತೆ ಹೇಳಬೇಕು, ‘ಗೇಟು ತೆರೆದರು, ಊರು ಮುಳುಗಿತು’ ಎಂಬ ಅರ್ಧ ಸತ್ಯವನ್ನಲ್ಲ.

ಆಲಮಟ್ಟಿಯ ಹಿನ್ನೀರಿನಿಂದಲೇ ತಾವು ಮುಳುಗುತ್ತೇವೆ ಎಂದು ಸಾಂಗ್ಲಿ ಕಡೆಯವರು, ಅವರು ಬಿಟ್ಟ ನೀರಿನಿಂದ ನಾವು ಮುಳುಗಿದೆವು ಎಂದು ಈಚೆಯವರು ದೂರುವುದು ಹಳೆಯ ವ್ಯಾಜ್ಯ. 2019ರ ನೆರೆಯ ಬಳಿಕ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿ ಆ ನೆರೆಗೆ ಆಲಮಟ್ಟಿ ಕಾರಣವಲ್ಲ ಎಂದಿತು. ಪುಟಾಣಿಗಳ ಪುಸ್ತಕದಲ್ಲಿ ಈ ವ್ಯಾಜ್ಯಕ್ಕೆ ಜಾಗ ಬೇಕಿಲ್ಲ. ಸಾಂಗ್ಲಿಯಲ್ಲಿಯೂ ಅದೇ ವಾರ ಒಂದು ಮಗು ಮಾಳಿಗೆಯ ಮೇಲೆ ಕುಳಿತು ದೋಣಿಗಾಗಿ ಕಾಯುತ್ತಿತ್ತು ಎಂಬ ಒಂದು ಚಿತ್ರ ಇದ್ದರೆ ಸಾಕು.

ಇನ್ನು ಮಕ್ಕಳು ಕಂಡು ಬೆರಗಾಗುವ, ದೊಡ್ಡವರು ವಿವರಿಸದೆ ಬಿಡುವ ಒಂದು ಸಂಗತಿ ಇದೆ. ಹೊಳೆಯಿಂದ ದೂರವಿರುವ ಊರಿಗೂ ನೀರು ನುಗ್ಗುತ್ತದೆ, ಅದೂ ಹಳ್ಳದ ದಾರಿಯಿಂದ, ಹಿಂದುಮುಂದಾಗಿ. ಊರ ಪಕ್ಕದ ಹಳ್ಳ ಯಾವಾಗಲೂ ಹೊಳೆಯ ಕಡೆಗೆ ಹರಿಯುತ್ತದೆ. ಹೊಳೆಯ ಮಟ್ಟ ಹಳ್ಳದ ಮಟ್ಟಕ್ಕಿಂತ ಮೇಲೇರಿದರೆ ಹಳ್ಳದ ಬಾಯಿ ಕಟ್ಟಿಕೊಳ್ಳುತ್ತದೆ. ಹಳ್ಳದ ನೀರು ನಿಲ್ಲುತ್ತದೆ, ಆಮೇಲೆ ಹೊಳೆಯ ನೀರೇ ಅದರೊಳಗೆ ಹೊಕ್ಕು ಊರ ಕಡೆಗೆ ಏರುತ್ತದೆ. ಸದ್ದಿಲ್ಲ, ಅಬ್ಬರವಿಲ್ಲ. ಹಳ್ಳದಲ್ಲಿ ಬಿದ್ದ ಒಣ ಎಲೆ ಹೊಳೆಯ ಕಡೆಗೆ ಹೋಗುವ ಬದಲು ಊರಿನ ಕಡೆಗೆ ತೇಲಿ ಬರುತ್ತಿದ್ದರೆ ಅದು ಎಚ್ಚರಿಕೆ. ಇದನ್ನು ಗುರುತಿಸಲು ಮಗುವಿಗೆ ಉಪಕರಣ ಬೇಡ, ಓದೂ ಬೇಡ, ಕಣ್ಣು ಸಾಕು. ಒಂದಿಡೀ ಪುಟವನ್ನು ನಾನು ಆ ಎಲೆಗೇ ಕೊಡುತ್ತೇನೆ.

ಕೃಷ್ಣೆಯ ಕಥೆಯನ್ನೇ ಎಲ್ಲ ಹೊಳೆಗಳಿಗೂ ಹಚ್ಚಲು ಬರುವುದಿಲ್ಲ. ಗೋಕಾಕ, ಮೂಡಲಗಿ, ಮುಧೋಳದ ಮಕ್ಕಳ ಹೊಳೆ ಘಟಪ್ರಭೆ. ಹಿಡಕಲ್ ಜಲಾಶಯ ಅದನ್ನು ತಡೆದರೂ ಹಿರಣ್ಯಕೇಶಿ, ಮಾರ್ಕಂಡೇಯ ಅದರ ಕೆಳಗೆ ಬಂದು ಕೂಡುತ್ತವೆ. ಮಲಪ್ರಭೆಯದು ಮತ್ತೊಂದು ಬಗೆ. ಅದು ಹುಟ್ಟುವುದು ನಮ್ಮದೇ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ನವಿಲುತೀರ್ಥದ ರೇಣುಕಾಸಾಗರ ಎಷ್ಟೋ ವರ್ಷ ಅರ್ಧವೂ ತುಂಬದೆ, ಕೆಳಗಿನ ಹೊಳೆ ಬತ್ತಿ, ಪಾತ್ರದೊಳಗೆ ಜಾಲಿಕಂಟಿ ಬೆಳೆದು, ದಂಡೆಯ ಹೊಲಗಳು ಒಳಕ್ಕೆ ಸರಿದಿದ್ದವು. 2019ರಲ್ಲಿ ಘಟ್ಟದ ಮಳೆಗೆ ಜಲಾಶಯ ತುಂಬಿ ಗೇಟು ತೆರೆದಾಗ, ಹೊಳೆಗೆ ತನ್ನ ಹಳೆಯ ಹಾದಿಯೇ ಸಾಲಲಿಲ್ಲ. ರಾಮದುರ್ಗದ ಕಡೆಯ ಊರುಗಳು ಮುಳುಗಿದವು, ಪಟ್ಟದಕಲ್ಲಿನ ದೇಗುಲಗಳ ಅಂಗಳಕ್ಕೂ ನೀರು ಬಂತು. ಸಾವಿರದ ಇನ್ನೂರು ವರ್ಷಗಳಿಗೂ ಮಿಗಿಲಾಗಿ ನಿಂತ ಕಲ್ಲಿನ ನಂದಿಯ ಸುತ್ತ ನೀರು ನಿಂತ ಚಿತ್ರ ಮಕ್ಕಳ ಮನಸ್ಸಿನಲ್ಲಿ ಉಳಿಯುತ್ತದೆ. ಹೊಳೆ ಬತ್ತಿದ ವರ್ಷಗಳಲ್ಲಿಯೂ ಅದರ ಜಾಗ ಅದರದ್ದೇ ಎಂದು ಹೇಳಲು ಮಲಪ್ರಭೆಗಿಂತ ಒಳ್ಳೆಯ ಪಾಠ ಬೇರೆಲ್ಲಿ?

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ನೆರೆ ಇವೆಲ್ಲಕ್ಕೂ ವಿರುದ್ಧ. ಆಗ ಮೋಡ ಬಂದದ್ದು ಬಂಗಾಳಕೊಲ್ಲಿಯ ಕಡೆಯಿಂದ, ಮಳೆ ಸುರಿದದ್ದು ಬರದ ನಾಡಿನ ನೆತ್ತಿಯ ಮೇಲೆಯೇ. ವಿಜಯಪುರದಲ್ಲಿ ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂಬ ಮಾತಿದೆ. ಡೋಣಿ ಹೊಳೆಸಾಲಿನ ಎರೆ ಭೂಮಿ ಅಷ್ಟು ಫಲವತ್ತು. ಅದೇ ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ, ಒಮ್ಮೆ ನೆನೆದು ಉಬ್ಬಿತೆಂದರೆ ನೀರನ್ನು ಒಳಗೆ ಬಿಡಲು ತೀರ ನಿಧಾನ. ಮೇಲೆ ಬಿದ್ದದ್ದೆಲ್ಲ ಹಳ್ಳಕ್ಕೆ. ಆ ವರ್ಷ ಎಷ್ಟೋ ಮನೆಗಳು ಬಿದ್ದದ್ದು ಹೊಳೆಯಿಂದಲ್ಲ, ಮಳೆಯಿಂದ: ಮಣ್ಣಿನ ಮಾಳಿಗೆ ನೀರು ಕುಡಿದು ಭಾರವಾಗಿ, ಜಂತಿ ತೊಲೆಗಳು ತಾಳದೆ ಕುಸಿದವು. ಆಮೇಲೆ ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಹೊಸ ಊರುಗಳೇ ಎದ್ದವು. ಈಗ ಆ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ತಮ್ಮ ಊರು ಏಕೆ ಎರಡು ಕಡೆ ಇದೆ ಎಂಬುದು ಗೊತ್ತಿರಬೇಕಲ್ಲವೇ?

ಇಷ್ಟೆಲ್ಲವನ್ನೂ ಒಂದೇ ಪುಸ್ತಕಕ್ಕೆ ತುಂಬಬಾರದು. ಒಂದು ಹೊಳೆಗೆ ಒಂದು ಪುಸ್ತಕ. ಬೆಂಗಳೂರಿನ ಪ್ರಥಮ್ ಬುಕ್ಸ್ ತನ್ನ ಪುಸ್ತಕಗಳನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸುತ್ತದೆ. ಆಗತಾನೆ ಓದು ಕಲಿಯುವವರ ಮೊದಲ ಹಂತಕ್ಕೆ 250 ಪದಗಳೊಳಗೆ, ಎರಡನೆಯದಕ್ಕೆ 600ರವರೆಗೆ, ತಾವಾಗಿ ಓದಬಲ್ಲವರ ಮೂರನೆಯದಕ್ಕೆ 1,500ರವರೆಗೆ. ನೆರೆಯ ಕಾರಣವನ್ನು ಹೇಳಲು ಎರಡನೆಯ ಹಂತ ಸಾಕೆಂದು ನನ್ನ ನಂಬಿಕೆ. ಕನ್ನಡದಲ್ಲಿ ಮಗುವನ್ನು ಎಡವಿಸುವುದು ವಾಕ್ಯದ ಉದ್ದಕ್ಕಿಂತ ಹೆಚ್ಚಾಗಿ ಒತ್ತಕ್ಷರ. ‘ಪ್ರವಾಹ’, ‘ಸಂತ್ರಸ್ತ’, ‘ವಿಪತ್ತು’ ಎಂದು ಬರೆದರೆ ಮಗು ಅಕ್ಷರ ಬಿಡಿಸುವುದರಲ್ಲೇ ದಣಿಯುತ್ತದೆ. ‘ನೆರೆ’, ‘ಹೊಳೆ’, ‘ದಂಡೆ’, ‘ಮಾಳಿಗೆ’ ಎಂದರೆ ಓಡುತ್ತದೆ. ಗಡಿಭಾಗದ ಮರಾಠಿ ಮನೆಯ ಮಗುವಿಗೆ, ತಾಂಡಾದ ಮಗುವಿಗೆ, ವಿಜಯಪುರದ ಉರ್ದು ಮನೆಯ ಮಗುವಿಗೆ ಇದು ಇನ್ನೂ ನಿಜ. ಒಂದು ಪುಟ ಹೀಗಿರಬಹುದು:

‘ನಮ್ಮೂರಿನಲ್ಲಿ ಬಿಸಿಲು ಇತ್ತು.
ಆದರೂ ಹೊಳೆ ಏರಿತು.
ನಾನು ಅಜ್ಜನ ಕೇಳಿದೆ, ಮಳೆ ಎಲ್ಲಿ?
ಅಜ್ಜ ಪಡುವಣದ ಕಡೆ ಕೈ ತೋರಿದ.
ದೂರದಲ್ಲಿ ಬೆಟ್ಟ. ಬೆಟ್ಟದ ಮೇಲೆ ಮೋಡ.
ಅಲ್ಲಿ ಮೊನ್ನೆ ಸುರಿದ ಮಳೆ
ಇವತ್ತು ನಮ್ಮ ಹೊಳೆ.’

ಐದಾರು ಪದಕ್ಕಿಂತ ಉದ್ದದ ಸಾಲಿಲ್ಲ, ಕಾರಣವೂ ಉಳಿದಿದೆ.

ಭಯದ ವಿಷಯದಲ್ಲಿ ಎರಡು ತುದಿಗಳನ್ನೂ ನಾನು ಒಪ್ಪುವುದಿಲ್ಲ. ಹೆಣ ತೋರಿಸುವ ಅಗತ್ಯವಿಲ್ಲ, ‘ಯಾರಿಗೂ ಏನೂ ಆಗಲಿಲ್ಲ’ ಎಂದು ಸುಳ್ಳು ಹೇಳುವ ಅಗತ್ಯವೂ ಇಲ್ಲ. ಎಮ್ಮೆ ತೇಲಿಹೋಯಿತು ಎಂದು ಬರೆಯಬಹುದು. ಕಟ್ಟಿದ ಹಗ್ಗ ಬಿಚ್ಚಿಬಿಟ್ಟರೆ ದನಗಳು ಈಜಿ ಪಾರಾಗಬಲ್ಲವು ಎಂದೂ ಬರೆಯಬೇಕು. ನೆರೆಯಲ್ಲಿ ಮೊಸಳೆ ಹೊಲಕ್ಕೆ ಬರುವುದನ್ನು ಕೃಷ್ಣಾ ತೀರದವರು ಕಂಡಿದ್ದಾರೆ, ಮಕ್ಕಳಿಗೆ ಅದು ರೋಮಾಂಚನ. ಆದರೆ ನಿಜವಾಗಿ ಪ್ರಾಣ ತೆಗೆಯುವುದು ಸೇತುವೆಯ ಮೇಲೆ ಹರಿಯುವ ತೆಳ್ಳನೆಯ ನೀರು. ಅರ್ಧ ಅಡಿಯಷ್ಟೇ ಇದ್ದರೂ ರಭಸವಿದ್ದರೆ ದೊಡ್ಡವರ ಕಾಲೂ ತಪ್ಪುತ್ತದೆ, ಎರಡು ಅಡಿ ನೀರು ಕಾರನ್ನೇ ಎತ್ತಿ ಒಯ್ಯಬಲ್ಲದು. ಮೊಸಳೆಗೆ ಒಂದು ಮೂಲೆ ಸಾಕು, ಸೇತುವೆಗೆ ಎರಡು ಪುಟ ಬೇಕು.

ಪುಸ್ತಕ ನೀರು ಇಳಿದಲ್ಲಿಗೆ ಮುಗಿಯಬಾರದು, ಏಕೆಂದರೆ ಇಲ್ಲಿ ಮಕ್ಕಳ ಪಾಲಿನ ನೆರೆ ಆಗ ಅರ್ಧ ಮಾತ್ರ ಕಳೆದಿರುತ್ತದೆ. ನೀರು ಸುತ್ತ ನಿಂತಾಗ ತಡೆದುಕೊಂಡಿದ್ದ ಮಣ್ಣಿನ ಗೋಡೆ, ಬುಡ ಕರಗಿ, ನೀರಿನ ಆಸರೆಯೂ ತಪ್ಪಿದ ಮೇಲೆ ಕುಸಿಯುತ್ತದೆ. ‘ನೀರು ಹೋಯಿತು, ಇನ್ನು ಒಳಗೆ ಹೋಗಬಹುದು’ ಎನ್ನುವ ಹೊತ್ತೇ ಅಪಾಯದ್ದು. ಹಗೇವಿನ, ಅಂದರೆ ನೆಲದೊಳಗಿನ ಕಣಜದ, ಜೋಳ ನೆನೆದು ಮೊಳಕೆ ಬಂದು ನಾರುತ್ತದೆ. ಮನೆಯೊಳಗೆ ಮೊಣಕಾಲುದ್ದ ಕೆಸರು, ಅದರಲ್ಲಿ ಹಾವು ಅಡಗಿರುತ್ತದೆ. ಪಾಟಿಚೀಲದ ಪುಸ್ತಕಗಳ ಹಾಳೆ ಅಂಟಿಕೊಂಡಿರುತ್ತವೆ. ಬಿಸಿಲಿಗೆ ಹಾಸಿ, ಒಂದೊಂದೇ ಹಾಳೆ ಬಿಡಿಸುವ ಕೆಲಸ ಮಕ್ಕಳದ್ದೇ. ಮನೆಗಳನ್ನು ಹಾನಿಗೆ ತಕ್ಕಂತೆ ಎ, ಬಿ, ಸಿ ಎಂದು ಬರೆದುಕೊಂಡು ಹೋಗುವ ಅಧಿಕಾರಿಗಳು, ಕಾಳಜಿ ಕೇಂದ್ರವಾದ ಶಾಲೆ, ತಿಂಗಳುಗಟ್ಟಲೆ ತಗಡಿನ ಶೆಡ್ಡಿನ ಸೆಕೆ. ಇವು ಪುಸ್ತಕದಲ್ಲಿ ಕಾಣದಿದ್ದರೆ ಮಗು ತನ್ನ ಬದುಕು ಪುಸ್ತಕಕ್ಕೆ ತಕ್ಕುದಲ್ಲ ಎಂದುಕೊಳ್ಳುತ್ತದೆ. ಇದೇ ಹೊಳೆಗೆ ಊರವರು ಬಾಗಿನ ಕೊಡುವುದನ್ನೂ ಒಂದು ಪುಟದಲ್ಲಿ ತೋರಿಸಬೇಕು. ಮುಳುಗಿಸಿದ ಹೊಳೆಯೇ ಕಬ್ಬಿಗೂ ಕುಡಿಯಲಿಕ್ಕೂ ನೀರು ಕೊಡುವುದು.

ಕೊನೆಯ ಎರಡು ಪುಟಗಳನ್ನು ಖಾಲಿ ಬಿಡಬೇಕು. ಎಡಗಡೆ ಮಗುವೇ ತುಂಬಬೇಕಾದ ಸಾಲುಗಳು: ನಮ್ಮ ಹೊಳೆಯ ಹೆಸರು, ಅದು ಹುಟ್ಟುವ ಊರು, ನಮಗಿಂತ ಮೇಲೆ ಇರುವ ಅಣೆಕಟ್ಟು, ಹಿಂದಿನ ಸಲ ನೀರು ಎಲ್ಲಿಯವರೆಗೆ ಬಂದಿತ್ತು, ಊರಿನ ಎತ್ತರದ ಜಾಗ ಯಾವುದು, ಅಲ್ಲಿಗೆ ಹೋಗಲು ಹಳ್ಳ ದಾಟದ ದಾರಿ ಯಾವುದು. ಇದನ್ನು ತುಂಬಲು ಮಗು ಅಜ್ಜ, ಅಮ್ಮ, ಗುರುಗಳನ್ನು ಕೇಳಲೇಬೇಕಾಗುತ್ತದೆ. ಆ ಮಾತುಕತೆ ಮನೆಯಲ್ಲಿ ನಡೆಯಬೇಕಾದದ್ದು ಮೇ ತಿಂಗಳಲ್ಲಿ, ಆಗಸ್ಟ್‌ನಲ್ಲಿ ಅಲ್ಲ. ಬಲಗಡೆ ಜಿಲ್ಲಾ ಸಹಾಯವಾಣಿ 1077 ಮತ್ತು ತುರ್ತು ಕರೆಯ 112 ದಪ್ಪ ಅಂಕಿಗಳಲ್ಲಿ ಇರಲಿ. ಅದರ ಕೆಳಗೆ ಇನ್ನೊಂದು ಖಾಲಿ ಸಾಲು: ‘ನಮ್ಮ ದನಗಳನ್ನು ಎಲ್ಲಿಗೆ ಒಯ್ಯುತ್ತೇವೆ?’ ದನಕರುಗಳನ್ನು ಬಿಟ್ಟು ಬರಲಾರೆವೆಂದು ನೀರು ಹೊಸ್ತಿಲಿಗೆ ಬರುವವರೆಗೂ ಕುಳಿತಿರುವ ಮನೆಗಳು ಹೊಳೆಸಾಲಿನಲ್ಲಿ ಎಷ್ಟೋ ಇವೆ. ಆ ಸಾಲಿಗೆ ಉತ್ತರ ಬರೆದಿಟ್ಟುಕೊಂಡ ಮನೆಯವರು ಒಂದು ದಿನ ಮೊದಲೇ ಹೊರಡುತ್ತಾರೆ.